ಅಥೆನ್ಸಿನ ಗೂಬೆ ಕೈಲಾಂಚಕ್ಕೆ ಬಂದದ್ದು

ಚೀಟಿ ಎತ್ತಿದ ದುಡ್ಡಿನಲ್ಲಿ ನಮ್ಮೂರು ಕೈಲಾಂಚದ ಕಡೆ ಹೆಂಗಸರು ಬಳೆ ಮಾಡಿಸುತ್ತಾರೆ. ನಾನು ಗೂಬೆ ಕೊಂಡೆ. ಬೆಂಗಳೂರಿನ ನಾಣ್ಯ ಮೇಳದಲ್ಲಿ ಸಿಕ್ಕಿದ ಗ್ರೀಕರ ಬೆಳ್ಳಿ ನಾಣ್ಯ ಅದು; ಎರಡು ಸಾವಿರ ವರ್ಷಕ್ಕೂ ಹಳೆಯದು. ಒಂದು ಕಡೆ ದೇವತೆಯ ಮುಖ, ಇನ್ನೊಂದು ಕಡೆ ಕಣ್ಣರಳಿಸಿ ನಿಂತ ಗೂಬೆ. ನನ್ನ ದುಡಿಮೆ, ನನ್ನ ಚೀಟಿ, ನನ್ನ ಹುಚ್ಚು. ಯಾರಪ್ಪನ ಮನೆಯ ಗಂಟು ಹೋಯಿತು?

ಬಿಡದಿ ಕಡೆ ಒಂದರ ಪಕ್ಕ ಒಂದು ಫ್ಯಾಕ್ಟರಿ ಏಳುತ್ತಿದ್ದ ಕಾಲ. ಅಂಥದೊಂದರಲ್ಲಿ ಬಿಡಿಭಾಗ ಪರೀಕ್ಷಿಸುವ ಕೆಲಸ ನನ್ನದು. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ರಿಜೆಕ್ಟ್ ಡಬ್ಬಕ್ಕೆ ಎಸೆಯಬೇಕು. ದಿನವೆಲ್ಲ ಒಂದೇ ಅಚ್ಚಿನವನ್ನು ನೋಡಿ ನೋಡಿ ಕಣ್ಣು ಸತ್ತುಹೋಗುತ್ತಿತ್ತು. ಈ ನಾಣ್ಯವೋ, ಯಾರೋ ಸುತ್ತಿಗೆಯಿಂದ ಬಡಿದು ಮಾಡಿದ್ದು. ಏಟು ಸ್ವಲ್ಪ ವಾರೆಯಾಗಿ ಬಿದ್ದು ದೇವತೆಯ ಶಿರಸ್ತ್ರಾಣದ ತುರಾಯಿ ಅಂಚಿನಾಚೆ ಹೋಗಿದೆ. ಥೇಟ್ ಇಂಥದೇ ಇನ್ನೊಂದು ಪ್ರಪಂಚದಲ್ಲಿಲ್ಲ. ನನ್ನಂಥ ನಾಣ್ಯದ ಹುಚ್ಚರು ಪ್ರಾಣ ಬಿಡುವುದು ಅದಕ್ಕೇ.

ಅತ್ತೆಗೆ ಇದೆಲ್ಲ ಯಾವ ಲೆಕ್ಕ? ಗೂಬೆ ಒಳಗೆ ಬಂದರೆ ಮನೆಯನ್ನೇ ಬಿಟ್ಟು ಹೋಗುವ ಜನ ನಮ್ಮವರು. ನಾಣ್ಯ ಬಂದ ತಿಂಗಳೇ ರೇಷ್ಮೆಹುಳಕ್ಕೆ ಸುಣ್ಣಕಟ್ಟು ರೋಗ ತಗುಲಿ ಬೆಳೆ ಪೂರ್ತಿ ಹೋಯಿತು. ಚಳಿಗೆ, ತೇವಕ್ಕೆ ಬರುವ ರೋಗ ಅದು. ಹಿಂದಿನ ವರ್ಷವೂ ಬಂದಿತ್ತು. ಆದರೂ ತಪ್ಪು ನನ್ನ ನಾಣ್ಯದ್ದು. ಆಮೇಲೆ ಹಸು ದಿನ ತುಂಬುವ ಮೊದಲೇ ಕಂದು ಹಾಕಿದ್ದೂ, ಬೋರು ಕೆಟ್ಟದ್ದೂ ಅದರ ತಲೆಗೇ. ನನ್ನ ಗಂಡ ಮಹಾರಾಯ ಅತ್ತ ಅವ್ವನಿಗೂ ಇತ್ತ ನನಗೂ ತಲೆಯಾಡಿಸಿಕೊಂಡು ಕೂತ.

ಕೊನೆಗೆ ಅತ್ತೆ ತೀರ್ಮಾನ ಕೊಟ್ಟರು. ಶುಕ್ರವಾರ ಕಬ್ಬಾಳಿಗೆ ಹೋಗಿ ನಾಣ್ಯವನ್ನು ಅಮ್ಮನ ಗುಡಿಯ ಹುಂಡಿಗೆ ಹಾಕಬೇಕು; ಇಲ್ಲವಾದರೆ ಅದನ್ನು ಕಟ್ಟಿಕೊಂಡು ನಾನು ತವರಿಗೆ ನಡೆಯಬೇಕು. ಅವರ ಜೊತೆ ಹೋದೆ, ನಾಣ್ಯವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು. ಹುಂಡಿಯ ಮುಂದೆ ಅವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

"ಹಾಕ್ಬುಡಮ್ಮಿ, ಮನೆಗಿಡಿದ ಪೀಡೆ ಕಳೀಲಿ."

ನನಗೆ ಮೈಯೆಲ್ಲ ಉರಿಯಿತು. ಅಮ್ಮನಿಗೆ ಕೊಡುವುದಾದರೆ ಒಳ್ಳೆಯದನ್ನು ಕೊಡಬೇಕು. ನಮಗೆ ಬೇಡದ ಪೀಡೆಯನ್ನು ಅವಳ ತಲೆಗೆ ಕಟ್ಟುವುದು ಯಾವ ಸೀಮೆಯ ಭಕ್ತಿ? ನಾಣ್ಯವನ್ನು ರವಿಕೆಯೊಳಗೆ ಸೇರಿಸಿದೆ. ಮದುವೆಯಲ್ಲಿ ತವರಿನವರು ಹಾಕಿದ್ದ ಚಿನ್ನದ ಓಲೆಗಳನ್ನು ಬಿಚ್ಚಿ, ಎರಡನ್ನೂ ಹುಂಡಿಯೊಳಕ್ಕೆ ಬಿಟ್ಟೆ.

ಅತ್ತೆಯ ಮುಖ ಬಿಳಿಚಿಕೊಂಡಿತು. "ಬೋಳು ಕಿವೀಲಿ ಊರೊಳಕ್ಕೆ ಬತ್ತೀಯೇನಮ್ಮಿ?" ಎಂದರು.

"ಬತ್ತೀನಿ ಕಣತ್ತೆ, ನಮ್ಮನೆಗೇ. ಗೂಬೆನೂ ಬತ್ತದೆ."