ಶನಿವಾರದ ನಾಲ್ಕು ಗಂಟೆ

ನನ್ನ ತಂಗಿಗೆ ನಾಲ್ವರು ಯಜಮಾನರು. ಒಬ್ಬರನ್ನೂ ಅವಳು ಎದುರಿಗೆ ಕಂಡಿಲ್ಲ. ಒಬ್ಬ ಹಲ್ಲಿನ ಡಾಕ್ಟರು, ಒಬ್ಬಳು ವಕೀಲೆ, ಒಬ್ಬ ಮನೆ ಮಾರಿಸುವ ದಲ್ಲಾಳಿ, ಇನ್ನೊಬ್ಬ ‘ಸಮಯ ಹಾಳುಮಾಡಬೇಡಿ’ ಎಂದು ಭಾಷಣ ಮಾಡಿಕೊಂಡು ತಿರುಗುವವನು. ಈ ಕೊನೆಯ ಮಹಾನುಭಾವ ಒಂದು ಸಭೆಗಾದರೂ ಹೊತ್ತಿಗೆ ಸರಿಯಾಗಿ ಹೋಗಿದ್ದರೆ ಕೇಳಿ. ನಾಲ್ವರೂ ಸಮುದ್ರದಾಚೆಯವರು. ಅವರ ಫೋನು, ಪತ್ರ, ಟಿಕೆಟ್ಟು, ಯಾರನ್ನು ಎಷ್ಟು ಗಂಟೆಗೆ ನೋಡಬೇಕು ಅನ್ನುವುದು, ಎಲ್ಲವನ್ನೂ ಇವಳು ನಮ್ಮ ಮನೆಯ ಕಿಟಕಿ ಪಕ್ಕದ ಮೇಜಿನಲ್ಲಿ ಕೂತು ನೋಡಿಕೊಳ್ಳುತ್ತಾಳೆ. ವರ್ಚುವಲ್ ಅಸಿಸ್ಟೆಂಟ್ ಅಂತ ಆ ಕೆಲಸಕ್ಕೆ ಹೆಸರು. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ನಾನು ಕರೆಯುತ್ತೇನೆ.

ನಾಲ್ವರಿಗೂ ಅವಳ ಕಂಪ್ಯೂಟರಿನಲ್ಲಿ ಒಂದೊಂದು ಬಣ್ಣದ ಕ್ಯಾಲೆಂಡರ್. ಬೆಳಿಗ್ಗೆ ಎದ್ದರೆ ಸಾಕು, ಚೌಕಗಳನ್ನು ಅತ್ತ ಎಳೆದಳು, ಇತ್ತ ಎಳೆದಳು. “ತಲೆಯಲ್ಲಿ ಏನೂ ಇಟ್ಕೋಬಾರದು ಅಕ್ಕ, ಎಲ್ಲಾ ಇದರಲ್ಲಿ ಹಾಕಿಬಿಡಬೇಕು. ಅದು ಎಬ್ಬಿಸಿದಾಗ ಎದ್ರೆ ಆಯ್ತು” ಅನ್ನುತ್ತಿದ್ದಳು. ಊಟಕ್ಕೂ ಫೋನು ಬಡಿದುಕೊಂಡ ಮೇಲೆಯೇ ಏಳುತ್ತಿದ್ದಳು, ಪುಣ್ಯಾತ್ಗಿತ್ತಿ.

ಆ ಚೌಕಗಳ ನಡುವೆ ಅವಳದು ಅಂತ ಇದ್ದದ್ದು ವಾರಕ್ಕೆ ಒಂದೇ ಗಂಟೆ. ಗಂಡನಿಂದ ಬೇರೆಯಾದಾಗ ಮಗಳು ಅಪ್ಪನ ಮನೆಗೆ ಹೋದಳು. ಶನಿವಾರ ನಾಲ್ಕರಿಂದ ಐದರವರೆಗೆ ಭೇಟಿ ಕೇಂದ್ರದಲ್ಲಿ ತಾಯಿ ಮಗುವನ್ನು ನೋಡಬಹುದು ಅಂತ ಕೋರ್ಟು ಹೇಳಿತು. ಗಿಡ್ಡ ಕುರ್ಚಿಗಳು, ಕಿವಿಯಿಲ್ಲದ ಬೊಂಬೆ, ಮೂಲೆಯಲ್ಲಿ ರಿಜಿಸ್ಟರ್ ಹಿಡಿದ ಕನ್ನಡಕದ ಮೇಡಂ. ತಾಯಿ ಹದಿನೈದು ನಿಮಿಷ ತಡಮಾಡಿದರೆ ಮಗುವನ್ನು ವಾಪಸ್ ಕಳಿಸುತ್ತಾರೆ. ಮೂರು ಸಲ ಹಾಗಾದರೆ ವಿಷಯ ಮತ್ತೆ ಕೋರ್ಟಿಗೆ.

ಎರಡು ಸಲ ಆಗಿತ್ತು. ಒಮ್ಮೆ ವಕೀಲೆಯ ವಿಮಾನ ರದ್ದಾಗಿ, ಇನ್ನೊಮ್ಮೆ ಡಾಕ್ಟರ ರೋಗಿಯೊಬ್ಬ ಸರಿಯಾಗಿ ಆ ಹೊತ್ತನ್ನೇ ತಾನಾಗಿ ಬುಕ್ ಮಾಡಿಕೊಂಡು. ರೋಗಿಗಳನ್ನು ಮೊದಲು ಫೋನಿನಲ್ಲಿ ವಿಚಾರಿಸುವವಳು ಇವಳೇ ತಾನೇ. ಎರಡನೆಯ ಸಲ ನಾನು ಬಾಯಿಗೆ ಬಂದಂತೆ ಬೈದೆ. ಆಗ ಅವಳು ಒಂದು ಉಪಾಯ ಮಾಡಿದಳು. ಡಾಕ್ಟರ ಕ್ಯಾಲೆಂಡರಿನಲ್ಲೇ ಆ ಒಂದು ಗಂಟೆಯ ಮೇಲೆ ‘ಹಳೆಯ ಫೈಲುಗಳ ಕೆಲಸ’ ಅಂತ ಚೌಕ ಇಟ್ಟಳು. ಇನ್ನು ಅಲ್ಲಿಗೆ ಯಾವ ರೋಗಿಯೂ ಬರುವಂತಿಲ್ಲ. “ಮಗಳನ್ನ ಫೈಲು ಮಾಡಿದ್ಯಲ್ಲೇ!” ಅಂದೆ. ಇಬ್ಬರೂ ನಕ್ಕೆವು. ಐದು ತಿಂಗಳು ಒಂದು ಶನಿವಾರವೂ ತಪ್ಪಲಿಲ್ಲ. ಮಗು ಗುಣಾಕಾರ ಕಲಿತದ್ದೇ ಆ ಗಿಡ್ಡ ಕುರ್ಚಿಯಲ್ಲಿ.

ಡಾಕ್ಟರ ದೇಶದಲ್ಲಿ ಚಳಿಗಾಲ ಬಂತೆಂದರೆ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರಂತೆ. ನಮ್ಮಲ್ಲಿ ಆ ಹುಚ್ಚಾಟವಿಲ್ಲ. ಹಾಗಾಗಿ ಅವರ ಕೆಲಸಗಳೆಲ್ಲ ನಮಗೆ ಒಂದು ಗಂಟೆ ತಡವಾಗಿ ಬರುತ್ತವೆ. ಇದು ಇವಳಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು! ಆ ವಾರವೆಲ್ಲ ಕೂತು ನಾಲ್ವರ ಭೇಟಿಗಳನ್ನೂ ಒಂದೊಂದಾಗಿ ಸರಿಮಾಡಿ, ಎಲ್ಲರಿಗೂ ‘ಗಡಿಯಾರ ಬದಲಾಗುತ್ತಿದೆ, ಮರೆಯದಿರಿ’ ಎಂದು ಪತ್ರ ಬರೆದಳು. ತನ್ನ ಆ ಒಂದು ಚೌಕ ಡಾಕ್ಟರ ಗಡಿಯಾರಕ್ಕೆ ಕಟ್ಟಿಕೊಂಡಿದೆ, ಅದೂ ಜೊತೆಗೇ ಜಾರುತ್ತದೆ ಅನ್ನುವುದು ಮಾತ್ರ ಹೊಳೆಯಲಿಲ್ಲ.

ಆ ಶನಿವಾರ ಮೂರೂವರೆಗೆ ಅವಳಿನ್ನೂ ಮೇಜಿನಲ್ಲೇ ಇದ್ದಳು.

“ಹೊರಡಲ್ವೇನೇ?” ಅಂದೆ.

ಫೋನು ನೋಡಿ, “ಇವತ್ತು ಐದಕ್ಕೆ ಅಂತಿದೆ ಅಕ್ಕ. ಕೇಂದ್ರದವರು ಬದಲಾಯಿಸಿರಬೇಕು, ನಾನೇ ಹಾಕ್ಕೊಂಡಿರ್ತೀನಿ” ಅಂದಳು.

ಹಿಂದೊಮ್ಮೆ ಕೇಂದ್ರಕ್ಕೆ ಬಣ್ಣ ಬಳಿಯುವಾಗ ಅವರು ಹೊತ್ತು ಬದಲಾಯಿಸಿದ್ದುಂಟು. ಒಂದು ಫೋನು ಮಾಡಿ ಕೇಳು ಅನ್ನಬೇಕಿತ್ತು ನಾನು. ಬೇರೆಲ್ಲದಕ್ಕೂ ಆಡುವ ಈ ಹಾಳು ಬಾಯಿ ಆಗ ಮುಚ್ಚಿಕೊಂಡಿತ್ತು.

ಕೇಂದ್ರದಿಂದ ಕರೆ ಬಂದರೂ ಅವಳು ನೋಡಲಿಲ್ಲ. ಕೆಲಸದ ಹೊತ್ತಿನಲ್ಲಿ ಯಜಮಾನರ ಕರೆ ಬಿಟ್ಟು ಬೇರೇನೂ ಸದ್ದು ಮಾಡದಂತೆ ಇಟ್ಟುಕೊಂಡಿದ್ದಳಲ್ಲ. ಐದಕ್ಕೆ ಹತ್ತು ನಿಮಿಷವಿರುವಾಗ ಹಣ್ಣಿನ ಡಬ್ಬಿ ಹಿಡಿದು ಕೇಂದ್ರದೊಳಗೆ ಹೋದಳು. ಮೇಡಂ ಕುರ್ಚಿ ಜೋಡಿಸುತ್ತಿದ್ದರು.

“ಮಗೂನ ನಾಲ್ಕೂಕಾಲಿನವರೆಗೆ ಕೂರಿಸಿಕೊಂಡಿದ್ದೆ ಕಣಮ್ಮ” ಅಂದರು. “ಅಮ್ಮಂಗೆ ಮೀಟಿಂಗ್ ಇರುತ್ತೆ ಅಂತ ಅವಳೇ ನನಗೆ ಸಮಾಧಾನ ಹೇಳಿದ್ಲು.”

ಮನೆಗೆ ಬಂದು ತಂಗಿ ಇದನ್ನು ನನಗೆ ಹೇಳಿದಳು. ಅಳಲಿಲ್ಲ, ಹಣ್ಣಿನ ಡಬ್ಬಿಯನ್ನು ಮುಚ್ಚಳ ತೆಗೆಯದೆ ಮೇಜಿನ ಮೇಲಿಟ್ಟಳು.

ಕೋರ್ಟಿನಲ್ಲಿ ಗಡಿಯಾರದ ಕಥೆಯನ್ನೆಲ್ಲ ಬಿಡಿಸಿ ಹೇಳಿದಳು. ನ್ಯಾಯಾಧೀಶರು ತಾಳ್ಮೆಯಿಂದಲೇ ಕೇಳಿದರು. “ನಾಲ್ಕು ಜನರ ಹೊತ್ತು ತಪ್ಪದ ಹಾಗೆ ನೋಡ್ಕೊಳ್ತೀರಲ್ಲಮ್ಮ?” ಅಂದರು.  ಭೇಟಿ ಮೂರು ತಿಂಗಳಿಗೊಮ್ಮೆ ಎಂದು ಆದೇಶವಾಯಿತು.

ಕೆಲಸ ಬಿಟ್ಟುಬಿಡು ಅಂದೆ. “ಬಿಟ್ರೆ ಸಂಪಾದನೆಯೇ ಇಲ್ಲದ ತಾಯಿ ಅಂತ ಅದನ್ನೂ ಬರೀತಾರೆ” ಅಂದಳು. ನಿಜವೇ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಅಂತಾರೆ. ನಮಗೆ ಬುದ್ಧಿ ಬಂದರೂ ಅದನ್ನಿಟ್ಟುಕೊಂಡು ಮಾಡುವುದೇನೂ ಇರಲಿಲ್ಲ.

ಶನಿವಾರದ ಚೌಕವನ್ನು ಮಾತ್ರ ಅವಳು ಅಳಿಸಲಿಲ್ಲ. ಮತ್ತೆ ನಾಲ್ಕಕ್ಕೆ ತಂದಿಟ್ಟು, ಆ ಒಂದು ಗಂಟೆ ಕೈಕಟ್ಟಿ ಕೂತಿರುತ್ತಿದ್ದಳು. ಮೂರನೆಯ ವಾರ ಡಾಕ್ಟರ ಪತ್ರ ಬಂತು. ಹಳೆಯ ಫೈಲುಗಳ ಕೆಲಸ ಇನ್ನೂ ಎಷ್ಟು ದಿನ, ಆ ಹೊತ್ತು ರೋಗಿಗಳಿಗೆ ಕೊಡಬಹುದೇ, ಎಂದು ಬಹಳ ಮರ್ಯಾದೆಯಿಂದ ಕೇಳಿದ್ದರು. ಅವಳು ಎರಡೇ ನಿಮಿಷದಲ್ಲಿ ಉತ್ತರಿಸಿದಳು: ‘ಆ ಕೆಲಸ ಮುಗಿದಿದೆ ಸರ್, ಕೊಡಬಹುದು.’

ಮುಂದಿನ ಶನಿವಾರ ನಾಲ್ಕಕ್ಕೆ ಅವಳು ಯಾರನ್ನೋ ಹಲ್ಲುನೋವು ಯಾವಾಗಿನಿಂದ ಎಂದು ನಗುನಗುತ್ತ ವಿಚಾರಿಸುತ್ತಿದ್ದಳು. ನಾನು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಜೋರಾಗಿ ಅತ್ತೆ.