ಸ್ಟಾಫ್ ರೂಮಿನಲ್ಲಿ ಕೂಣಿ

ಮೀನು ತಿನ್ನುವವರಿಗೆ ಪರಿಸರದ ಬಗ್ಗೆ ಮಾತಾಡುವ ಯೋಗ್ಯತೆಯಿಲ್ಲ ಎಂದು ನಂಬಿರುವವರು ನನಗೆ ಈಗಲೂ ಸಿಗುತ್ತಾರೆ. ಅಂಥವರ ಜೊತೆ ಜಗಳಕ್ಕೆ ನಿಲ್ಲುವುದು ನನಗೆ ಹೊಸದಲ್ಲ. ಅದು ಒಂಬತ್ತನೇ ಕ್ಲಾಸಿನ ಮಳೆಗಾಲದಲ್ಲಿ ಶುರುವಾದ ಜಗಳ, ಇನ್ನೂ ಮುಗಿದಿಲ್ಲ.

ನಮ್ಮ ಹೈಸ್ಕೂಲು ಸಾಗರದಿಂದ ಹೊಸನಗರಕ್ಕೆ ಹೋಗುವ ರಸ್ತೆಯ ಪಕ್ಕದಲ್ಲಿತ್ತು. ಮನೆ ಅಲ್ಲಿಂದ ಒಳಗೆ, ಶರಾವತಿ ಹಿನ್ನೀರಿಗೆ ಸೇರುವ ಒಂದು ಹಳ್ಳದ ಬದಿ. ಮಳೆ ಹಿಡಿದು ಹಳ್ಳ ಕೆಂಪಗೆ ತುಂಬಿತು ಎಂದರೆ ಹಿನ್ನೀರಿನ ಮೀನುಗಳು ಮೊಟ್ಟೆಯಿಡಲು ಹರಿವಿಗೆ ಎದುರಾಗಿ ಹತ್ತಿಕೊಂಡು ಗದ್ದೆಗೆ ಬರುತ್ತವೆ. ಹತ್ತುಮೀನು ಎಂದೇ ಅವಕ್ಕೆ ಹೆಸರು. ಗದ್ದೆಯ ನೀರು ಹಳ್ಳಕ್ಕೆ ಬೀಳುವ ಕಂಡಿಯಲ್ಲಿ ಅಪ್ಪ ಕೂಣಿ ಇಡುತ್ತಿದ್ದ. ಬಿದಿರಿನ ಸೀಳುಗಳಲ್ಲಿ ಹೆಣೆದ ಉದ್ದನೆಯ ಬುಟ್ಟಿ ಅದು. ಅಗಲವಾದ ಬಾಯಿಯಿಂದ ಮೀನು ಸಲೀಸಾಗಿ ಒಳಗೆ ಹೋಗುತ್ತದೆ. ಒಳಮುಖವಾಗಿ ಕಟ್ಟಿದ ಚೂಪು ಕಡ್ಡಿಗಳು ಅದನ್ನು ಹೊರಗೆ ಬಿಡುವುದಿಲ್ಲ. ಬೆಳಿಗ್ಗೆ ಅಪ್ಪ ಕೂಣಿ ತಂದು ಅಂಗಳದಲ್ಲಿ ಕೊಡವಿದ ದಿನ ನನಗೆ ಶಾಲೆಯೇ ಬೇಡವಾಗುತ್ತಿತ್ತು.

ವಿಜ್ಞಾನದ ಮೇಷ್ಟ್ರು ತೀರ್ಥಹಳ್ಳಿ ಕಡೆಯವರು. ಪಾಠ ಚೆನ್ನಾಗಿ ಮಾಡುತ್ತಿದ್ದರು, ಅದನ್ನು ಒಪ್ಪಲೇಬೇಕು. ಪರಿಸರದ ಪಾಠ ಬಂದಾಗ ಬೋರ್ಡಿನ ಮೇಲೆ ಆಹಾರ ಸರಪಳಿ ಬರೆದರು: ಹುಲ್ಲು, ಮಿಡತೆ, ಕಪ್ಪೆ, ಹಾವು, ಹದ್ದು. ನಿಮ್ಮ ಮನೆಯ ಸುತ್ತಮುತ್ತಲಿನದೊಂದು ಸರಪಳಿ ಹೇಳಿ ಎಂದರು. ನಾನು ಎದ್ದು ನಿಂತು, ಪಾಚಿ, ಹುಳ, ಹತ್ತುಮೀನು, ಕೊನೆಗೆ ನಮ್ಮಪ್ಪ ಎಂದೆ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಮೇಷ್ಟ್ರು ನಗಲಿಲ್ಲ.

"ಹಳ್ಳಗಳಲ್ಲಿ ಮೀನು ಯಾಕೆ ಕಡಿಮೆ ಆಗಿದೆ ಗೊತ್ತಾ? ಮೊಟ್ಟೆ ಇಡೋಕೆ ಬರೋ ಮೀನನ್ನೇ ಹಿಡಿದು ತಿನ್ನೋ ಜನರಿಂದ. ಇವಳ ಮನೆಯಂಥವರಿಂದ."

ಕೂತುಕೊಂಡೆ. ಅವರು ಸುಳ್ಳು ಹೇಳಿದ್ದರೆ ಎಷ್ಟೋ ಸುಲಭವಿತ್ತು, ಎದುರುತ್ತರ ಕೊಟ್ಟು ಮುಗಿಸಬಹುದಿತ್ತು. ಆದರೆ ಅಮ್ಮ ಮೀನಿನ ಹೊಟ್ಟೆ ಸೀಳುವಾಗ ಹಳದಿ ಮೊಟ್ಟೆಯ ಗಂಟು ಹೊರಬೀಳುವುದನ್ನು ನಾನೇ ಕಂಡಿದ್ದೆ, ಅದನ್ನು ಹುರಿದುಕೊಟ್ಟಾಗ ಜಗಳ ಮಾಡಿ ಹೆಚ್ಚು ಪಾಲು ತಿಂದವಳೂ ನಾನೇ. ಮಾತು ನಿಜ, ಹೇಳಿದ ರೀತಿ ಮಾತ್ರ ಕೆಟ್ಟದ್ದು. ಇವೆರಡನ್ನೂ ಒಟ್ಟಿಗೆ ನುಂಗುವುದು ನನ್ನಿಂದ ಆಗಲಿಲ್ಲ.

ಸಂಜೆ ಮನೆಗೆ ಹೋದವಳೇ ಅಪ್ಪನಿಗೆ ಗಂಟುಬಿದ್ದೆ. ಮೀನು ಹತ್ತುವುದು ಮುಗಿಯುವ ತನಕ ಕೂಣಿ ಇಡಬೇಡ ಎಂದೆ.

"ನಿಮ್ಮ ಮೇಷ್ಟ್ರು ಹೇಳಿದ್ರಾ?"

"ಹೌದು. ಅವರು ಹೇಳಿದ್ದು ಸರಿಯಾಗೇ ಇದೆ."

"ಅವ್ರು ತಿನ್ನಲ್ಲ ಮಾರಾಯ್ತಿ. ತಿನ್ನದಿದ್ದೋರಿಗೆ ಬಿಡಿ ಅನ್ನಕ್ಕೆ ಎಂತ ಕಷ್ಟ?"

"ನಾನು ತಿಂತೀನಲ್ಲ. ನಾನೂ ಹೇಳ್ತಿದೀನಿ."

"ಊರೆಲ್ಲ ಇಡ್ತದೆ. ನಾನೊಬ್ಬ ಬಿಟ್ರೆ ಪಕ್ಕದ ಗದ್ದೆ ಕೂಣಿಗೆ ಹೋಗಿ ಬೀಳ್ತವೆ, ಅಷ್ಟೇಯ."

ಉತ್ತರವಿಲ್ಲದಿದ್ದರೆ ಸುಮ್ಮನಿರಬೇಕು ಎಂದು ನನಗೆ ಯಾರೂ ಕಲಿಸಿರಲಿಲ್ಲ. ಕೂಗಾಡಿದೆ, ಊಟ ಬಿಟ್ಟೆ, ಆಮೇಲೆ ಹಸಿವಾಗಿ ಎದ್ದು ಉಂಡೆ. ಅಪ್ಪ ಕೂಣಿ ಇಟ್ಟೇ ಇಟ್ಟ.

ಅಷ್ಟರಲ್ಲಿ ಶಾಲೆಯಲ್ಲಿ ಪರಿಸರದ ವಸ್ತುಪ್ರದರ್ಶನದ ಗದ್ದಲ ಶುರುವಾಯಿತು. ಸಾಗರದ ಅಂಗಡಿಗಳಿಂದ ಥರ್ಮಾಕೋಲು ಹೊತ್ತು ತಂದು ಅದರಲ್ಲಿ ಗಾಳಿಯಂತ್ರ, ಕಾಡು, ಜಲಪಾತ ಎಲ್ಲ ಕೊರೆದರು. ಪ್ಲಾಸ್ಟಿಕ್ ಬಿಡಿ ಎಂಬ ಫಲಕವನ್ನೂ ಥರ್ಮಾಕೋಲಿನಲ್ಲೇ ಮಾಡಿದ್ದರು. ನಾನು ಹತ್ತುಮೀನಿನ ಬಗ್ಗೆ ಮಾಡುತ್ತೇನೆ ಎಂದಾಗ ಮೇಷ್ಟ್ರು, "ಮೀನು ಗೀನು ಶಾಲೆಗೆ ಬೇಡ, ಬೇರೆ ಏನಾದ್ರೂ ಮಾಡು" ಎಂದು ಮುಂದಿನ ಹುಡುಗಿಯ ಕಡೆ ತಿರುಗಿಬಿಟ್ಟರು.

ಪ್ರದರ್ಶನದ ದಿನ ಬೆಳಿಗ್ಗೆ ಅಪ್ಪ ಕೂಣಿ ಕೊಡವಿ ಕೊಟ್ಟಿಗೆಯ ಗೋಡೆಗೆ ಒರಗಿಸಿ ಗದ್ದೆಗೆ ಹೋಗಿದ್ದ. ಸಂಜೆ ಮತ್ತೆ ಇಡುವುದು ರೂಢಿ. ಅದನ್ನು ನೋಡುತ್ತಿದ್ದ ಹಾಗೆ ನನಗೆ ಹೊಳೆಯಿತು: ಇದು ಶಾಲೆಯಲ್ಲಿದ್ದರೆ ಹಳ್ಳದಲ್ಲಿ ಇರುವುದಿಲ್ಲ. ಅಷ್ಟು ಸಣ್ಣ ಲೆಕ್ಕ. ಅಮ್ಮನಿಗೆ "ಶಾಲೆಗೆ ಬೇಕು" ಎಂದು ಹೇಳಿಯೇ ಎತ್ತಿಕೊಂಡೆ, ಕದ್ದು ಒಯ್ಯಲಿಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಮೂಗು ಮುಚ್ಚಿಕೊಂಡು, "ಇದಕ್ಕೂ ಒಂದು ಟಿಕೆಟ್ ತಗೋ ಮಾರಾಯ್ತಿ, ನನ್ನ ಸೀಟಲ್ಲೇ ಕೂತಿದೆ" ಎಂದ. ಕಾಲೇಜಿನ ಹುಡುಗರು ಉದ್ದಕ್ಕೂ ನಗುತ್ತಿದ್ದರು. ನಾನು ಕಿಟಕಿಯ ಕಡೆ ನೋಡುತ್ತ ಕೂಣಿಯನ್ನು ಗಟ್ಟಿಯಾಗಿ ಹಿಡಿದು ಕೂತೆ.

ಶಾಲೆಯ ಜಗಲಿಯ ಮೂಲೆಯಲ್ಲಿ ಅದನ್ನು ನಿಲ್ಲಿಸಿ, ಹಳೇ ರಟ್ಟಿನ ಮೇಲೆ ಬರೆದಿಟ್ಟೆ: ಇದು ಇಲ್ಲಿರುವಷ್ಟು ದಿನ ನಮ್ಮ ಗದ್ದೆಗೆ ಮೀನು ಹತ್ತುತ್ತವೆ.

ಮೇಷ್ಟ್ರು ಬಂದರು, ಓದಿದರು, ಕರವಸ್ತ್ರ ಮೂಗಿಗೆ ಹೋಯಿತು. "ಬೇಡ ಅಂದಿದ್ನಲ್ಲ? ಸಂಜೆ ಮನೆಗೆ ತಗೊಂಡು ಹೋಗು."

"ತಗೊಂಡು ಹೋದ್ರೆ ಸಂಜೆಗೇ ಹಳ್ಳದಲ್ಲಿ ಇಡ್ತಾರೆ ಸಾರ್. ಮೀನು ಹತ್ತೋದು ಮುಗಿಯೋ ತನಕ ಇಲ್ಲೇ ಇರಲಿ. ನೀವೇ ಇಟ್ಕೊಳ್ಳಿ."

ಸುತ್ತ ಮಕ್ಕಳು ನಿಂತಿದ್ದರು. ಬೋರ್ಡಿನ ಮುಂದೆ ಅವರು ಆಡಿದ ಮಾತು ಎಲ್ಲರಿಗೂ ನೆನಪಿತ್ತು. ಆಗುವುದಿಲ್ಲ ಎಂದರೆ ಆ ಪಾಠವನ್ನು ಅವರೇ ಒರೆಸಿ ಹಾಕಿದಂತೆ. ಕೊನೆಗೆ "ಒಳಗೆ ಇಡು" ಎಂದರು. ನಮ್ಮ ಶಾಲೆಯಲ್ಲಿ ಪ್ರಯೋಗಾಲಯವೂ ಸ್ಟಾಫ್ ರೂಮೂ ಒಂದೇ ಕೋಣೆ. ಹಾಗಾಗಿ ಕೂಣಿ ಹೋಗಿ ನಿಂತದ್ದು ಅವರ ಕುರ್ಚಿಯ ಹಿಂದೆಯೇ. ನನಗೆ ಎಂಥ ಖುಷಿಯಾಯಿತು ಎಂದರೆ ಪ್ರದರ್ಶನದ ಬಹುಮಾನ ಥರ್ಮಾಕೋಲಿನ ಗಾಳಿಯಂತ್ರಕ್ಕೆ ಹೋದದ್ದು ಲೆಕ್ಕಕ್ಕೇ ಬರಲಿಲ್ಲ.

ಸಂಜೆ ಅಪ್ಪನಿಗೆ ಗೊತ್ತಾಯಿತು. ಮಾರನೇ ದಿನ ಮಧ್ಯಾಹ್ನ ನೋಡಿದರೆ ಮೊಣಕಾಲಿನ ತನಕ ಗದ್ದೆಯ ಕೆಸರು, ಕೈಯಲ್ಲಿ ಕೊಡೆ, ಅಪ್ಪ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ. ನಾನು ಕ್ಲಾಸಿನಿಂದ ಓಡಿ ಬಂದೆ.

ಮೇಷ್ಟ್ರ ಮುಖದಲ್ಲಿ ನಿರಾಳದ ಕಳೆ. "ಬನ್ನಿ ಬನ್ನಿ, ಒಳ್ಳೇದಾಯ್ತು. ಮೊದಲು ತಗೊಂಡು ಹೋಗಿ. ವಾಸನೆಗೆ ಇಲ್ಲಿ ಕೂರೋಕೇ ಆಗ್ತಿಲ್ಲ." ಹೀಗೆ ಹೇಳುವಾಗಲೂ ಕರವಸ್ತ್ರ ಮೂಗಿನ ಮೇಲೆಯೇ ಇತ್ತು.

ನಾನು ಬಾಗಿಲಿಗೆ ಅಡ್ಡ ನಿಂತೆ. "ಇದನ್ನ ಕೊಟ್ರೆ ಆ ಪಾಠ ಇನ್ನು ಮಾಡ್ಬೇಡಿ ಸಾರ್. ನಮ್ಮನೆಯಂಥವರು ಅಂತ ಇನ್ಯಾವತ್ತೂ ಅನ್ಬೇಡಿ. ನನಗೆ ಮೀನು ತಿನ್ನೋಕೆ ಬೇಕು, ಮುಂದಿನ ವರ್ಷಕ್ಕೂ ಬೇಕು. ಅದಕ್ಕೇ ತಂದಿದ್ದು. ನಿಮಗೆ ಮೀನೂ ಬೇಡ, ವಾಸನೆಯೂ ಬೇಡ. ಹಾಗಾದ್ರೆ ಬೈಯೋ ಕೆಲಸ ಮಾತ್ರ ನಿಮ್ಮದಾ?"

ಮೇಷ್ಟ್ರು ಎದ್ದು ನಿಂತರು. ಅಪ್ಪ ಈಗ ನನ್ನ ಕೆನ್ನೆಗೆ ಬಿಡುತ್ತಾನೆ ಎಂದುಕೊಂಡೆ. ಆದರೆ ಅಪ್ಪ ನನ್ನನ್ನು ನೋಡುತ್ತಲೇ ಇರಲಿಲ್ಲ. ಅವನ ಕಣ್ಣು ಆ ಕರವಸ್ತ್ರದ ಮೇಲಿತ್ತು.

"ನಮ್ಮನೆಯಂಥವ್ರು ಅಂದ್ರಾ ಸಾರ್?"

ಮೇಷ್ಟ್ರು ಕರವಸ್ತ್ರ ಮಡಚಿ ಜೇಬಿಗಿಟ್ಟರು.

"ಹಂಗಾರೆ ಇಲ್ಲೇ ಇರ್ಲಿ ಬಿಡಿ" ಎಂದ ಅಪ್ಪ. "ಹುಡ್ಗಿ ಹೇಳಿದ್ದು ಸರಿಯಾಗೇ ಅದೆ. ಮೀನು ಹತ್ತಿ ಮುಗಿದ್ಮೇಲೆ ಬತ್ತೀನಿ." ಕೊಡೆ ಬಿಚ್ಚಿಕೊಂಡು ಮಳೆಯಲ್ಲಿ ಹೊರಟೇಹೋದ.

ಆ ಮಳೆಗಾಲ ಅಪ್ಪ ಬೇರೆ ಕೂಣಿ ಹೆಣೆಯಲಿಲ್ಲ. ಊರಿನವರೆಲ್ಲ ಇಟ್ಟರು, ಅಪ್ಪ ಹೇಳಿದಂತೆ ಪಕ್ಕದ ಗದ್ದೆಯವರಿಗೆ ಹೆಚ್ಚು ಸಿಕ್ಕಿದ್ದೂ ನಿಜ. ಅವರು ಒಂದು ಪಾಲು ನಮ್ಮನೆಗೂ ಕೊಟ್ಟರು. ಅಮ್ಮ ಸಾರು ಮಾಡಿದಳು, ನಾನು ತಿಂದೆ. ಯಾಕೆ ತಿನ್ನಬಾರದು? ಇದನ್ನು ಹೇಳಿದರೆ, ಹಾಗಾದರೆ ಅಷ್ಟೆಲ್ಲ ಮಾಡಿ ಏನು ಬಂತು ಎನ್ನುವವರಿದ್ದಾರೆ. ನಮ್ಮ ಗದ್ದೆಯ ನೀರಿನಲ್ಲಿ ಆ ಸಲ ಕಡ್ಡಿಯಷ್ಟು ಸಣ್ಣ ಮರಿಗಳು ಓಡಾಡಿದವು, ಕಾಲಿಟ್ಟರೆ ಚದುರಿ ಮತ್ತೆ ಗುಂಪಾಗುತ್ತಿದ್ದವು. ನೋಡದವರಿಗೆ ನಾನು ಹೇಗೆ ತೋರಿಸಲಿ?

ಮೇಷ್ಟ್ರು ಪಾಠವನ್ನೇನೂ ಬಿಡಲಿಲ್ಲ. ನನ್ನ ಹತ್ತಿರ ನೇರವಾಗಿ ಮಾತಾಡುವುದನ್ನು ಬಿಟ್ಟರು. ಕೂಣಿ ಮಾತ್ರ ಅವರ ಕುರ್ಚಿಯ ಹಿಂದೆ ಇದ್ದೇ ಇತ್ತು. ಹೊರಗೆ ಎಸೆಯಲಿಲ್ಲ, ಆ ಮಾತನ್ನೂ ಹೇಳಬೇಕು. ಮೀನು ಹತ್ತಿ ಮುಗಿದ ಮೇಲೆ ಅಪ್ಪ ಹೇಳಿದಂತೆ ಬಂದು ಅದನ್ನು ಮನೆಗೆ ತಂದ.

ಮುಂದಿನ ಜೂನಿನಲ್ಲಿ, ಮೊದಲ ದೊಡ್ಡ ಮಳೆಯ ಬೆಳಿಗ್ಗೆ, ನಾನು ಚೀಲ ಹಾಕಿಕೊಂಡು ಅಂಗಳಕ್ಕಿಳಿದರೆ ಕೂಣಿ ಮೆಟ್ಟಿಲ ಪಕ್ಕದಲ್ಲಿತ್ತು. ಚೆನ್ನಾಗಿ ತೊಳೆದಿತ್ತು, ಹೆಗಲಿಗೆ ಹಾಕಿಕೊಂಡು ಒಯ್ಯಲು ಬಾಯಿಗೆ ಹಗ್ಗ ಕಟ್ಟಿತ್ತು.

"ಅದೇ ಕಂಡಕ್ಟರ್ ಇದ್ದಾನಾ ಬಸ್ಸಲ್ಲಿ?" ಎಂದು ಅಪ್ಪ ಜಗಲಿಯಿಂದ ಕೇಳಿದ.