ಉಪ್ಪು ಮಾತ್ರ ತಿಳಿದ ನಾಲಿಗೆ

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಎಲ್ಲರಿಗೂ ಅವಳು ಅಕ್ಕ. ಅವಳಿಗಿಂತ ಹತ್ತು ವರ್ಷ ದೊಡ್ಡವನಾದ ಮ್ಯಾನೇಜರಿಗೂ. ಇಪ್ಪತ್ತೆರಡು ವರ್ಷದಿಂದ ಮುನ್ನೂರು ಜನಕ್ಕೆ ಮಾಂಸದ ಸಾರು ಮಾಡಿ ಬಡಿಸಿದವಳು ಅದರ ಒಂದು ತೊಟ್ಟನ್ನೂ ಬಾಯಿಗಿಟ್ಟಿರಲಿಲ್ಲ. ಹುಟ್ಟಿದ ಮನೆಯಲ್ಲಿ ತಿನ್ನುತ್ತಿರಲಿಲ್ಲ ಎಂಬುದು ಮೊದಲ ಕಾರಣ. ಆಮೇಲೆ, ದಿನವೂ ತುಂಡುಗಳನ್ನು ತೊಳೆದೂ ತೊಳೆದೂ, ಜೀವ ತೆಗೆದದ್ದು ತನಗೆ ಬೇಡ ಎಂಬುದು ಅವಳದೇ ಕಾರಣವಾಯಿತು. ಗಂಡ ತೀರಿಕೊಂಡ ಮೇಲೆ ಸಿಕ್ಕಿದ್ದು ಇದೊಂದೇ ಕೆಲಸ. "ಬೇಯಿಸೋದು ಮಾತ್ರ ಪಾಪ ಅಲ್ವಾ?" ಎಂದು ನೆಂಟರು ಚುಚ್ಚಿದರೆ, "ಕೈ ಕೆಲಸದ್ದು, ನಾಲಿಗೆ ನಂದು" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಉಪ್ಪು ಕೈಯಳತೆ, ಉಳಿದದ್ದೆಲ್ಲ ಮೂಗಿನ ಲೆಕ್ಕ. ಮುಚ್ಚಳ ತೆಗೆದು ಒಮ್ಮೆ ಉಸಿರೆಳೆದರೆ ಬೆಂದಿದೆಯೋ ಇಲ್ಲವೋ, ಮಾಂಸ ಇವತ್ತಿನದೋ ನಿನ್ನೆಯದೋ ಹೇಳಿಬಿಡುತ್ತಿದ್ದಳು.

ಆ ಮೂಗೇ ಕೈಕೊಟ್ಟಿತ್ತು. ಕಳೆದ ತಿಂಗಳ ಜ್ವರ ಹೋಗುವಾಗ ವಾಸನೆಯನ್ನೂ ಕಟ್ಟಿಕೊಂಡು ಹೋಗಿತ್ತು. ಯಾರಿಗೂ ಹೇಳಿರಲಿಲ್ಲ. ರುಚಿಯನ್ನೂ ನೋಡದ, ವಾಸನೆಯೂ ತಿಳಿಯದ ಅಡುಗೆಯವಳನ್ನು ಯಾರು ಇಟ್ಟುಕೊಳ್ಳುತ್ತಾರೆ?

ಅವತ್ತು ಬೆಳಿಗ್ಗೆ ಗೇಟಿನ ಕಾವಲುಗಾರ ತಲೆ ಕೆರೆಯುತ್ತ, "ರಾತ್ರಿ ಕರೆಂಟ್ ಹೋಗಿತ್ತಕ್ಕಾ. ಯಾವಾಗ ಬಂತೋ ಗೊತ್ತಿಲ್ಲ, ನಂಗೆ ಜೋಂಪು ಹತ್ತಿತ್ತು" ಎಂದ. ಫ್ರಿಜ್ ಮುಟ್ಟಿದಳು, ತಣ್ಣಗಿತ್ತು. ಮಾಂಸದ ಬಣ್ಣವೂ ಸರಿಯಿತ್ತು. ತೊಳೆದು ಒಲೆಗೇರಿಸಿದಳು. ಏರಿಸಿದ ಮೇಲೆ ಶುರುವಾಯಿತು ಸಂಕಟ. ಕೆಟ್ಟಿದ್ದರೆ? ಮುನ್ನೂರು ಹೊಟ್ಟೆ! ಮುಚ್ಚಳ ತೆಗೆದಳು, ಮೂಸಿದಳು, ಮುಚ್ಚಿದಳು, ಮತ್ತೆ ತೆಗೆದಳು. ಮುಖಕ್ಕೆ ಬಿಸಿ ಹಬೆ ಹೊಡೆಯಿತೇ ಹೊರತು ಬೇರೇನೂ ಇಲ್ಲ. ಒರೆಸಿದ ಕಟ್ಟೆಯನ್ನೇ ಒರೆಸಿದಳು. ಹಿತ್ತಲ ಬಾಗಿಲಿಗೆ ಹೋದಳು, ಬಂದಳು, ಮತ್ತೆ ಹೋದಳು.

"ಏನಕ್ಕಾ, ಕಾಲಿಗೆ ಚಕ್ರ ಕಟ್ಕೊಂಡಿದ್ದೀಯಾ?" ಎಂದಳು ಪಾತ್ರೆ ತೊಳೆಯುವವಳು.

ಇವಳನ್ನೇ ಕೇಳಬಹುದಿತ್ತು. ಆದರೆ ಇವಳಿಗೆ ರೇಡಿಯೋ ಎಂದೇ ಹೆಸರು. ಬೆಳಿಗ್ಗೆ ಕಿವಿಗೆ ಬಿದ್ದದ್ದು ಮಧ್ಯಾಹ್ನದೊಳಗೆ ಗೇಟು ದಾಟುತ್ತಿತ್ತು.

ಹನ್ನೆರಡೂ ಕಾಲಾಯಿತು. ಊಟದ ಸೈರನ್ನಿಗೆ ಇನ್ನು ಹದಿನೈದೇ ನಿಮಿಷ. ಚೆಲ್ಲಿಬಿಡೋಣವೆಂದರೆ ಮನಸ್ಸು ಬಾರದು. ಚೆಲ್ಲಿದರೆ ಯಾರ ಹೊಟ್ಟೆಗೂ ಆಗದೆ ಆ ಪ್ರಾಣಿ ಸುಮ್ಮನೆ ಸತ್ತಂತಾಗುತ್ತಿತ್ತು. ಒಂದು ತುಂಡನ್ನು ಸೌಟಿನಲ್ಲೆತ್ತಿಕೊಂಡು ಉಗ್ರಾಣ ಹೊಕ್ಕು, ಬಾಗಿಲು ಎಳೆದುಕೊಂಡಳು. ಮುನ್ನೂರು ಜನಕ್ಕಾಗಿ ತಾನೇ ಎಂದುಕೊಂಡು ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿ ಅಗಿದಳು. ನಾರು ನಾರಾದ ಏನೋ ಒಂದು. ಉಪ್ಪು ತಿಳಿಯಿತು, ಖಾರ ಉರಿಯಿತು, ಅಷ್ಟೇ. ಕೆಟ್ಟಿದೆಯೋ ಇಲ್ಲವೋ ನಾಲಿಗೆ ಹೇಳಲಿಲ್ಲ. ತಿಂಗಳಿಂದ ಅನ್ನವೂ ಹೀಗೇ ಸಪ್ಪೆ ಎಂಬುದು ಆ ಗಾಬರಿಯಲ್ಲಿ ಮರೆತೇಹೋಗಿತ್ತು. ನೆನಪಾಗುವ ಹೊತ್ತಿಗೆ ನುಂಗಿಯಾಗಿತ್ತು.

ಹೊರಗೆ ಬಂದವಳಿಗೆ ಬೇರೆ ದಾರಿ ಕಾಣಲಿಲ್ಲ. "ಇಲ್ಲಿ ಬಾರೇ, ಇದನ್ನ ಮೂಸಿ ನೋಡು. ಕೆಟ್ಟಿದೆಯಾ? ಜ್ವರ ಬಂದಾಗ್ನಿಂದ ನಂಗೆ ವಾಸನೆ ಗೊತ್ತಾಗ್ತಿಲ್ಲ" ಎಂದಳು.

ರೇಡಿಯೋ ಕೈ ಒರೆಸಿಕೊಂಡು ಹಂಡೆಯ ಮೇಲೆ ಬಗ್ಗಿದಳು. "ಘಮ್ ಅಂತಿದೆಯಲ್ಲಕ್ಕಾ! ಕೆಡೋದೇನು ಬಂತು?" ಎಂದವಳು ದನಿ ತಗ್ಗಿಸಿದಳು. "ನಿನ್ನ ಮೂಗು ಹೋಗಿರೋದು ನಂಗೆ ಹೋದ ವಾರಾನೇ ಗೊತ್ತಾಯ್ತು. ಗ್ಯಾಸ್ ಸೋರ್ತಿದ್ರೂ ನೀನು ಅಲ್ಲೇ ನಿಂತು ತರಕಾರಿ ಹೆಚ್ತಿದ್ದೆ, ನಾನೇ ಮೆಲ್ಲಗೆ ಬಂದು ಗ್ಯಾಸ್ ಆಫ್ ಮಾಡ್ದೆ. ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ. ಒಂದು ಕೂಗು ಹಾಕಿದ್ರೆ ಬೆಳಿಗ್ಗೇನೇ ಮೂಸಿ ಹೇಳ್ತಿರ್ಲಿಲ್ವಾ?"

ಸೈರನ್ ಕೂಗಿತು. ಜನ ತಟ್ಟೆ ಹಿಡಿದು ಸಾಲಾಗಿ ಬಂದರು. "ಅಕ್ಕಾ, ನಂಗೆ ಎರಡು ತುಂಡು ಜಾಸ್ತಿ" ಎಂದ ಮೊದಲು ನಿಂತವನು. ಹಾಕಿದಳು. ಅವನ ಮುಖ ನೋಡಲಾಗಲಿಲ್ಲ. ಇವರಿಗಾಗಿ ತಿಂದೆ ಎಂದು ಹೇಳಿಕೊಳ್ಳುವ ಹಾಗೂ ಇರಲಿಲ್ಲ. ಇವರಿಗಾಗಿಯೇ ಆಗಿದ್ದರೆ ಮೂಸಿ ನೋಡೆಂದು ಬೆಳಿಗ್ಗೆಯೇ ಕೇಳುತ್ತಿದ್ದಳು. ಅವಳು ತಿಂದದ್ದು ತನ್ನ ಗುಟ್ಟು ಉಳಿಸಿಕೊಳ್ಳಲು.